ಪಕ್ಕದ ಊರಿನಲ್ಲಿ ಅಡವಿಟ್ಟ ಚಿನ್ನ

ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಬೆಂಗಳೂರಿನಿಂದ ಊರಿಗೆ ಬಂದು ಬಹಳ ತಿಂಗಳಾಯಿತು. ವಿಚಾರಿಸಿದವರಿಗೆ ಅವನ ತಾಯಿ "ಈಗ ಮನೆಯಿಂದಲೇ ಕೆಲಸ" ಎನ್ನುತ್ತಾರೆ. ವಿಚಾರಿಸಿದವರು "ಒಳ್ಳೆಯದಾಯಿತು, ಮನೆಯ ಊಟವಾದರೂ ಸಿಕ್ಕಿತಲ್ಲ" ಎಂದು ತಲೆಯಾಡಿಸುತ್ತಾರೆ. ಗೇಟು ದಾಟಿದ ಮೇಲೆ, "ಕಂಪನಿಯವರು ತೆಗೆದು ಹಾಕಿದ್ದಾರಂತೆ" ಎನ್ನುತ್ತಾರೆ. ಇವರಿಗೆ ವಿಷಯ ಗೊತ್ತೆಂದು ತಾಯಿಗೆ ಗೊತ್ತು, ತಾಯಿಗೆ ಅದು ಗೊತ್ತೆಂದು ಇವರಿಗೂ ಗೊತ್ತು. ಆದರೂ ಆ ಮಾತು ಗೇಟಿನ ಒಳಗೆ ಬರುವುದಿಲ್ಲ. ಹಿಂದೆ ಇದೇ ಜಾಗದಲ್ಲಿ "ರಜೆಯಲ್ಲಿ ಬಂದದ್ದು" ಎಂಬ ಮಾತಿತ್ತು. ಗಲ್ಫಿನಿಂದ ಬಂದವನನ್ನು ಮೊದಲ ವಾರ ತುಳುವಿನಲ್ಲಿ "ಏಪ ಬತ್ತಿನಿ?" (ಯಾವಾಗ ಬಂದದ್ದು?) ಎಂದು ಕೇಳುತ್ತಿದ್ದ ಊರು, ಮೂರನೆಯ ತಿಂಗಳಿಂದ "ಏಪ ಪೋಪಿನಿ?" (ಯಾವಾಗ ಹೋಗುವುದು?) ಎಂದು ಕೇಳತೊಡಗುತ್ತಿತ್ತು. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದವರು ಪೇಟೆಗೆ ಹೋಗುವ ದಾರಿಯನ್ನೇ ಬದಲಿಸಿಕೊಳ್ಳುತ್ತಿದ್ದರು.

ನಮ್ಮ ಕಡೆಯವರು ಕಲ್ಲೆದೆಯವರು ಎಂದು ಹೇಳಲು ನಾನು ಹೊರಟಿಲ್ಲ. ಯಾರದೋ ಮಗುವಿನ ಶಸ್ತ್ರಚಿಕಿತ್ಸೆಗೆ ಸಂಜೆಯೊಳಗೆ ಹಣ ಕೂಡಿಸುವ ಊರು ಇದು. ಯಕ್ಷಗಾನ ಕಲಾವಿದನಿಗೆ ಪೆಟ್ಟಾದರೆ ಸಹಾಯಾರ್ಥ ಬಯಲಾಟ, ಬಡ ಹುಡುಗಿಯ ಮದುವೆಗೆ ಯುವಕ ಮಂಡಲದ ಚಂದಾ, ಎಲ್ಲವೂ ಇದೆ. ಇಷ್ಟೆಲ್ಲ ಮಾಡುವವರ ಮುಂದೆ ಕೆಲಸ ಕಳೆದುಕೊಂಡವನೊಬ್ಬ ಬಂದು ನಿಂತರೆ ಮಾತ್ರ ಕೈ ಹಿಂದೆ ಸರಿಯುತ್ತದೆ, ನಾಲಗೆ ಮುಂದೆ ಬರುತ್ತದೆ. ಇದು ಯಾಕೆ ಹೀಗೆ ಎನ್ನುವುದು ನನ್ನನ್ನು ಹಿಂದಿನಿಂದಲೂ ಕಾಡಿದೆ. ಕಾಡಲು ನನ್ನ ಉದ್ಯೋಗವೂ ಕಾರಣವಿರಬಹುದು. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಬಹುಕಾಲ ಚಿನ್ನಾಭರಣ ಸಾಲದ ವಿಭಾಗದಲ್ಲಿದ್ದು ನಿವೃತ್ತನಾದವನು.

ಸಾಲದ ಉದ್ದೇಶ: ಮನೆ ದುರಸ್ತಿ

ಆರ್ಥಿಕ ಹಿಂಜರಿತ ಬಂದಿದೆಯೋ ಇಲ್ಲವೋ ಎಂದು ಪತ್ರಿಕೆಗಳಲ್ಲಿ ಪಂಡಿತರು ಚರ್ಚಿಸುವ ಹೊತ್ತಿಗೆ ಚಿನ್ನದ ಕೌಂಟರಿನಲ್ಲಿ ಕುಳಿತವನಿಗೆ ಅದು ತಿಳಿದಾಗಿರುತ್ತದೆ. ನಮಗಿಂತಲೂ ಮೊದಲು ತಿಳಿಯುವುದು ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ, ಸಂಗ್ರಹಿಸುವವರಿಗೆ. ದಿನಾ ಇನ್ನೂರು ಕೊಡುತ್ತಿದ್ದ ಅಂಗಡಿಯವರು ಐವತ್ತಕ್ಕೆ ಇಳಿಯುತ್ತಾರೆ, ಆಮೇಲೆ "ನಾಳೆ ಬನ್ನಿ" ಎನ್ನುತ್ತಾರೆ, ಆಮೇಲೆ ಪಿಗ್ಮಿಯವರು ಬರುವ ಹೊತ್ತಿಗೆ ಸರಿಯಾಗಿ ಒಳಗೆ ಹೋಗುತ್ತಾರೆ. ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಸರಾಫರ ಒರೆಗಲ್ಲಿಗೆ ಕೆಲಸ ಹೆಚ್ಚುತ್ತದೆ. ಬರುವುದರಲ್ಲಿಯೂ ಒಂದು ಕ್ರಮವಿದೆ. ಮೊದಲು ಬರುವುದು ಮಕ್ಕಳ ಉಂಗುರ, ಹಾಕದೆ ಇಟ್ಟ ಬಳೆ. ನಂತರ ಮೂರು ಪವನಿನದೋ ನಾಲ್ಕು ಪವನಿನದೋ ಸರ. ಕರಿಮಣಿ ಬಂತೆಂದರೆ ಆ ಮನೆಯಲ್ಲಿ ಬೇರೇನೂ ಉಳಿದಿಲ್ಲ ಎಂದು ಅರ್ಥ.

ಉಡುಪಿಯ ಶಾಖೆಯಲ್ಲಿದ್ದಾಗ ನನ್ನ ಕೌಂಟರಿಗೆ ಬ್ರಹ್ಮಾವರದವರು, ಕಾಪುವಿನವರು, ಕಾರ್ಕಳದವರು ಬರುತ್ತಿದ್ದರು. ಅವರವರ ಊರಿನಲ್ಲಿ ನಮ್ಮದೇ ಶಾಖೆ ಇದ್ದರೂ ಬಸ್ಸು ಹತ್ತಿ ಬಂದು, ಇಲ್ಲಿ ಹೊಸದಾಗಿ ನಾಮಮಾತ್ರ ಸದಸ್ಯತ್ವದ ಅರ್ಜಿ ತುಂಬುತ್ತಿದ್ದರು. ಕಾರ್ಕಳಕ್ಕೆ ವರ್ಗವಾದ ಮೇಲೆ ನೋಡಿದರೆ ಅಲ್ಲಿಗೆ ಉಡುಪಿಯವರು ಬರುತ್ತಿದ್ದರು! ಜೂನ್ ತಿಂಗಳಲ್ಲಿ ಬೇಸಾಯಕ್ಕೆಂದು ಚಿನ್ನ ಅಡವಿಡುವವರು ಹೀಗಲ್ಲ. ಅವರು ಬೆಳಿಗ್ಗೆಯೇ ಬಂದು, ಸರಾಫರ ಜೊತೆ ಮಳೆಯ ಬಗ್ಗೆ ದೊಡ್ಡ ಸ್ವರದಲ್ಲಿ ಮಾತಾಡಿ, ತೂಕದ ಬಗ್ಗೆ ಜಗಳವನ್ನೂ ಆಡಿ ಹೋಗುತ್ತಾರೆ. ಅಡವಿಡುವುದೇ ಅವಮಾನವಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಯಾವ ಕಾರಣಕ್ಕೆ ಅಡವಿಟ್ಟೆ ಎನ್ನುವುದರಲ್ಲಿ ಅವಮಾನ ಇದೆ. ಅರ್ಜಿಯಲ್ಲಿ 'ಸಾಲದ ಉದ್ದೇಶ' ಎಂಬ ಒಂದು ಸಾಲು ಇರುತ್ತದೆ. ಮದುವೆ, ಚಿಕಿತ್ಸೆ, ವ್ಯಾಪಾರ, ಮನೆ ದುರಸ್ತಿ ಎಂದೆಲ್ಲ ಬರೆಯುತ್ತಾರೆ. ನನ್ನ ಸೇವಾವಧಿಯಲ್ಲಿ 'ಕೆಲಸ ಹೋಗಿದೆ' ಎಂದು ಬರೆದ ಒಂದೇ ಒಂದು ಅರ್ಜಿ ನನ್ನ ಕೈಗೆ ಬಂದಿಲ್ಲ. ನಮ್ಮ ದಾಖಲೆಗಳನ್ನು ನಂಬುವುದಾದರೆ 2009ರಲ್ಲಿ ಅರ್ಧ ಕರಾವಳಿಯೇ ಮನೆ ದುರಸ್ತಿ ಮಾಡಿಸಿಕೊಂಡಿತ್ತು.

ಕುವೈತಿನವರು, ದುಬೈಯವರು

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಸಂಬಳ ಒಂದೇ ದಿನಕ್ಕೆ ನಿಂತಿತು. ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾದ ವಿಮಾನಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಬಸ್ಸಿನಲ್ಲಿ ಊರಿಗೆ ಬಂದವರ ಕಥೆಗಳನ್ನು ಕೇಳುತ್ತ ನಮ್ಮ ತಲೆಮಾರು ಬೆಳೆಯಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹಾಗೆ ಕರೆತಂದದ್ದನ್ನು ದೇಶವೇ ಕೊಂಡಾಡಿತು. ಉಟ್ಟ ಬಟ್ಟೆಯಲ್ಲಿ ಬಂದಿಳಿದವರನ್ನು ಜನ ಅಪ್ಪಿಕೊಂಡರು, ಮನೆಗೆ ಅಕ್ಕಿ ಕಳಿಸಿದರು, ದೇವರಿಗೆ ಹರಕೆ ಒಪ್ಪಿಸಿದರು. ನಂತರದ ವರ್ಷಗಳಲ್ಲಿ ವಿಶ್ವಸಂಸ್ಥೆಯ ಪರಿಹಾರ ಆಯೋಗದ ಮೂಲಕ ಇರಾಕಿನ ತೈಲದ ಹಣದಿಂದ ಅವರಿಗೆ ಪರಿಹಾರವೂ ಬಂತು. ಕುವೈತಿನಿಂದ ಬಂದವನನ್ನು ಯಾರೂ "ಮೊದಲೇ ಉಳಿಸಿಡಬಾರದಿತ್ತೇ?" ಎಂದು ಕೇಳಿದ್ದು ನನಗೆ ನೆನಪಿಲ್ಲ.

ಹದಿನೆಂಟು ವರ್ಷಗಳ ನಂತರ, 2008ರ ಸೆಪ್ಟೆಂಬರ್ 15ರಂದು, ಅಮೆರಿಕದಲ್ಲಿ ಲೀಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿಯಾಯಿತು. ಆ ಹೆಸರನ್ನು ಕಾಪುವಿನಲ್ಲಿ ಯಾರೂ ಕೇಳಿದವರಲ್ಲ. ಕೆಲವೇ ತಿಂಗಳಲ್ಲಿ ದುಬೈಯ ಕಟ್ಟಡಗಳ ಮೇಲಿನ ಕ್ರೇನುಗಳು ನಿಂತವು. ಮರುವರ್ಷದ ನವೆಂಬರಿನಲ್ಲಿ 'ದುಬೈ ವರ್ಲ್ಡ್' ಎಂಬ ಅಲ್ಲಿನ ಸರಕಾರಿ ಒಡೆತನದ ಸಂಸ್ಥೆಯೇ ಸಾಲ ತೀರಿಸಲು ಕಾಲಾವಕಾಶ ಬೇಡಿತು. ನನ್ನ ಭಾವ ಅಲ್ಲಿನ ನಿರ್ಮಾಣ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಕೆಲಸ ಹೋದರೆ ವೀಸಾವೂ ಹೋಗುತ್ತದೆ, ವೀಸಾ ಹೋದರೆ ಗಂಟುಮೂಟೆ ಕಟ್ಟಲೇಬೇಕು. 2009ರ ಆರಂಭದಲ್ಲಿ ಅವರು ಊರಿಗೆ ಬಂದರು. ಮನೆಯ ಮೇಲಿನ ಮಹಡಿಯ ಕೆಲಸ ಅರ್ಧಕ್ಕೆ ನಿಂತಿತ್ತು. ಕಂಬಗಳ ಕಬ್ಬಿಣ ಹಾಗೆಯೇ ಮೇಲಕ್ಕೆ ಚಾಚಿಕೊಂಡಿತ್ತು. ಆ ವರ್ಷ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಅಂಥ ಮನೆಗಳಿದ್ದವು. ನೋಡಲು ಕಣ್ಣಿದ್ದವರಿಗೆ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಬಸ್ಸಿನಲ್ಲಿ ಕುಳಿತೇ ತಿಳಿಯುತ್ತಿತ್ತು.

ಈ ಸಲ ಅಪ್ಪುಗೆ ಇರಲಿಲ್ಲ, ಹೋಟೆಲಿನ ಹರಟೆ ಇತ್ತು. ದುಬೈ ವಿಮಾನ ನಿಲ್ದಾಣದಲ್ಲಿ ಬೀಗದಕೈಯನ್ನು ಒಳಗೇ ಬಿಟ್ಟು ಜನ ಓಡಿ ಬಂದ ಕಾರುಗಳ ಕಥೆ ಪ್ರತಿ ಹೋಟೆಲಿನಲ್ಲಿಯೂ ಕೇಳಿಬರುತ್ತಿತ್ತು. ಹೇಳಿದಂತೆಲ್ಲ ಕಾರುಗಳ ಸಂಖ್ಯೆ ಏರುತ್ತಿತ್ತು. ಸಾಲದ ಚೆಕ್ಕು ತಿರಸ್ಕೃತವಾದರೆ ಅಲ್ಲಿ ಆಗ ಜೈಲೇ ಗತಿಯಾಗಿತ್ತು ಎನ್ನುವ ವಿವರವನ್ನು ಕಥೆಗಾರರು ಬಿಡುತ್ತಿದ್ದರು, ಅದು ಕಥೆಯ ರುಚಿ ಕೆಡಿಸುತ್ತಿತ್ತು. ಭಾವನಿಗೆ ಕಾರೂ ಇರಲಿಲ್ಲ, ಅಲ್ಲಿ ಸಾಲವೂ ಇರಲಿಲ್ಲ. ಆದರೆ ದುಬೈಯಿಂದ ಆ ವರ್ಷ ಬಂದ ಎಲ್ಲರೂ ಆ ಕಥೆಯೊಳಗೆ ಸೇರಿಹೋಗಿದ್ದರು.

ಅವರ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶದ ಸಿದ್ಧತೆ ನಡೆದಿತ್ತು. ನಾನು ಅಕ್ಕನ ಮನೆಗೆ ಹೋದ ದಿನವೇ ಸಮಿತಿಯವರು ರಶೀದಿ ಪುಸ್ತಕ ಹಿಡಿದುಕೊಂಡು ಬಂದರು. ನಾಲ್ವರೂ ಜಗಲಿಯಲ್ಲಿ ಕುಳಿತರು. ಅಕ್ಕ ಶರಬತ್ತು ತಂದಿಟ್ಟು ಬಾಗಿಲ ಬಳಿ ನಿಂತಳು. ಮಳೆ, ಅಡಕೆ ಧಾರಣೆ, ತಂತ್ರಿಗಳು ಕೊಟ್ಟ ಮುಹೂರ್ತ ಎಲ್ಲ ಮಾತಾಯಿತು. ಹಿಂದೆ ಸುತ್ತುಪೌಳಿ ಕಟ್ಟುವಾಗ ಭಾವ 25,000 ರೂಪಾಯಿ ಕೊಟ್ಟಿದ್ದರು. ಅವರ ಹೆಸರು ಅಮೃತಶಿಲೆಯ ಫಲಕದಲ್ಲಿ ಮೇಲಿನಿಂದ ಆರನೆಯದೋ ಏಳನೆಯದೋ ಆಗಿತ್ತು. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದು, "ಕಳೆದ ಸಲದ್ದೇ ಬರೆಯುವುದಲ್ಲವಾ ಅಣ್ಣ?" ಎಂದರು. ಕೇಳಿದ್ದು ಗೌರವದಿಂದಲೇ. ಭಾವ ಕ್ಷಣವೂ ತಡೆಯದೆ, "ಬರೆಯಿರಿ, ಅದಕ್ಕೇನು" ಎಂದರು. ಬಾಗಿಲ ಬಳಿ ನಿಂತಿದ್ದ ಅಕ್ಕ ಒಳಗೆ ಹೋದಳು. ಅವಳ ಎರಡು ಬಳೆ ಆ ತಿಂಗಳು ಎಲ್ಲಿಗೆ ಹೋದವೆಂದು ಎಷ್ಟೋ ಕಾಲದ ಮೇಲೆ ಅವಳೇ ಹೇಳಿದಳು. ತಮ್ಮ ಕುಳಿತ ಕೌಂಟರಿಗೆ ಅವು ಬರಲಿಲ್ಲ, ಸಹಜವೇ.

ಸಮಿತಿಯವರನ್ನು ಕಳಿಸಿಕೊಡಲು ನಾನು ಗೇಟಿನವರೆಗೆ ಹೋದೆ. ಅಲ್ಲಿ ಒಬ್ಬರು, "ಪಾಪ, ಈಗ ಸ್ವಲ್ಪ ಕಷ್ಟದಲ್ಲಿದ್ದಾರಲ್ಲವಾ?" ಎಂದು ನನ್ನನ್ನೇ ಕೇಳಿದರು. ಅಂದರೆ ನಾಲ್ವರಿಗೂ ಮೊದಲೇ ತಿಳಿದಿತ್ತು. ಇನ್ನೊಬ್ಬರು ಸ್ಕೂಟರಿಗೆ ಕಾಲು ಹಾಕುತ್ತ ಹೇಳಿದರು: "ಇದ್ದಾಗ ಕೈ ಬಿಗಿ ಹಿಡಿಯಬೇಕು. ಹೀಗೆ ಕೇಳಿದ್ದಕ್ಕೆಲ್ಲ ಕೊಟ್ಟರೆ ಕೊನೆಗೆ ಆಗುವುದು ಇದೇ." ಅವರ ಬಗಲಿನ ಚೀಲದಲ್ಲಿ ಆಗಷ್ಟೇ ಬರೆದ ರಶೀದಿಯ ಅಡಿಪ್ರತಿ ಇತ್ತು.

ನನಗೆ ಈಗಲೂ ಬಿಡಿಸಲಾಗದ ಗಂಟು ಇದು. ಅದೇ 25,000 ರೂಪಾಯಿ ಫಲಕದ ಮೇಲೆ ಇರುವಾಗ ಔದಾರ್ಯ. ಕೊಟ್ಟವನ ಕೆಲಸ ಹೋದ ದಿನದಿಂದ ದುಂದುವೆಚ್ಚ. ಕೊಡದಿದ್ದರೆ ಏನು ಹೇಳುತ್ತಿದ್ದರು ಎಂದು ಬೇರೆ ಬರೆಯಬೇಕಾಗಿಲ್ಲ. ಯುದ್ಧದಲ್ಲಿ ಎಲ್ಲ ಕಳೆದುಕೊಂಡವನಿಗೆ ಬಯ್ಯಲು ಒಬ್ಬ ಸದ್ದಾಂ ಹುಸೇನ್ ಸಿಗುತ್ತಾನೆ. ನೆರೆ ಬಂದರೆ ನದಿಯ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಹಿಂಜರಿತಕ್ಕೆ ಮುಖವಿಲ್ಲ, ಚಿತ್ರವಿಲ್ಲ. ನ್ಯೂಯಾರ್ಕಿನಲ್ಲಿ ಯಾರೋ ಕೊಟ್ಟ ಕೆಟ್ಟ ಸಾಲಕ್ಕೂ ಕಾಪುವಿನಲ್ಲಿ ಅರ್ಧಕ್ಕೆ ನಿಂತ ಮಹಡಿಗೂ ಇರುವ ದಾರಿ ಕಣ್ಣಿಗೆ ಕಾಣುವಂಥದ್ದಲ್ಲ. ಕಾಣುವುದು ಜಗಲಿಯಲ್ಲಿ ಕುಳಿತ ಮನುಷ್ಯನೊಬ್ಬನೇ. ಹಾಗಾಗಿ ತಪ್ಪು ಅವನದೇ ಇರಬೇಕು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಹಾಗೆ ತೀರ್ಮಾನಿಸುವುದರಲ್ಲಿ ಒಂದು ಸಮಾಧಾನವೂ ಇದೆ ಎಂದು ನನ್ನ ಗುಮಾನಿ. ತಪ್ಪು ಅವನದಾದರೆ, ತಪ್ಪು ಮಾಡದ ನನಗೆ ಹಾಗಾಗುವುದಿಲ್ಲವಲ್ಲ.

2020ರ ಮೇ, ಜೂನ್ ತಿಂಗಳಲ್ಲಿ ಇದರ ಇನ್ನೊಂದು ಮುಖ ಕಂಡಿತು. ಮುಂಬಯಿಯ ಹೋಟೆಲುಗಳು ಮುಚ್ಚಿ, ಅಲ್ಲಿ ದುಡಿಯುತ್ತಿದ್ದ ನಮ್ಮವರು ಬೈಂದೂರು, ಕುಂದಾಪುರ, ಉಡುಪಿಗೆ ಬಂದಾಗ ಅವರನ್ನು ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದರು. ಊರ ಶಾಲೆಗಳ ಎಷ್ಟು ಕೊಠಡಿಗಳು ಮುಂಬಯಿ ಹೋಟೆಲಿನವರ ದೇಣಿಗೆಯಿಂದ ಎದ್ದಿವೆ ಎಂದು ಗೋಡೆಯ ಮೇಲಿನ ಹೆಸರು ಓದಿದರೆ ತಿಳಿಯುತ್ತದೆ. ರೋಗದ ಭಯವಿತ್ತು, ಒಪ್ಪಿದೆ. ಆದರೆ "ಇವರನ್ನು ಯಾಕೆ ಬಿಟ್ಟುಕೊಂಡರು?" ಎಂಬ ಮಾತಿನಲ್ಲಿ ಭಯವೊಂದೇ ಇರಲಿಲ್ಲ.

ಎರಡಾಣೆಯ ಊರು

ನಮ್ಮದು ಉಳಿತಾಯದ ಸೀಮೆ ಎಂಬ ಹೆಮ್ಮೆ ಈ ನಿಲುವಿನ ಬೆನ್ನಿಗಿದೆ. ಹೆಮ್ಮೆಗೆ ಆಧಾರವಿಲ್ಲದೆ ಇಲ್ಲ. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಸಿಂಡಿಕೇಟಿನ ಪಿಗ್ಮಿ 1928ರಲ್ಲಿ ಆರಂಭವಾಯಿತು. ಸಭೆಗಳಲ್ಲಿ ನಾವು ಈ ಎರಡಾಣೆಯ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅದರ ಹಿಂದಿನ ಅರ್ಧವನ್ನು ಹೇಳುವುದಿಲ್ಲ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ 1925ರಲ್ಲಿ ಆ ಸಂಸ್ಥೆ ಕಟ್ಟಿದ್ದರ ಹಿಂದೆ ಕೈಮಗ್ಗದ ಉದ್ಯಮ ನೆಲಕಚ್ಚಿ ನೇಕಾರರು ಕಂಗೆಟ್ಟಿದ್ದ ಸಂದರ್ಭವಿತ್ತು. ಅಂದರೆ ಈ ಊರಿನ ಹೆಸರಾಂತ ಬ್ಯಾಂಕು ಹುಟ್ಟಿದ್ದೇ ಜನರ ಕೆಲಸ ನಿಂತುಹೋದ ಕಾಲದಲ್ಲಿ. ಮಗ್ಗ ನಿಂತದ್ದು ನೇಕಾರನ ಸೋಮಾರಿತನದಿಂದಲ್ಲ ಎನ್ನುವಷ್ಟು ವಿವೇಕ ಆಗಿನವರಿಗೆ ಇತ್ತು. (ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದದ್ದು 2020ರ ಏಪ್ರಿಲ್ 1ರಂದು. ಲಾಕ್‌ಡೌನ್ ಶುರುವಾಗಿ ಒಂದು ವಾರವಾಗಿತ್ತು. ನಾಮಫಲಕ ಇಳಿಸುವುದನ್ನು ನೋಡಲು ಹೋಗುವ ಹಾಗೂ ಇರಲಿಲ್ಲ.)

ಕಷ್ಟವನ್ನು ಒಪ್ಪಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂದೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಮಲ್ಪೆಯ ಬಂದರಿನಲ್ಲಿ ಬಲೆ ನೇಯುತ್ತ ಕುಳಿತವರನ್ನು ಯಾರೂ ನಿರುದ್ಯೋಗಿ ಎನ್ನುವುದಿಲ್ಲ, ಅವರಿಗಾಗಿ ಸರಕಾರದ ಉಳಿತಾಯ ಮತ್ತು ಪರಿಹಾರದ ಯೋಜನೆಯೂ ಇದೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಆಟಗಳ ಋತು ಮುಗಿಯುವ ದಿನ, ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳದ ಕಲಾವಿದ ಮಳೆಗಾಲವಿಡೀ ಮನೆಯಲ್ಲಿದ್ದರೂ ಮರ್ಯಾದೆಗೆ ಕುಂದಿಲ್ಲ. ಜಡಿಮಳೆಯ ಆಟಿ ತಿಂಗಳ (ಜುಲೈ-ಆಗಸ್ಟ್) ಬಡತನಕ್ಕೆ ಹಿರಿಯರು ತಿನಿಸನ್ನೂ ಮಾಡಿಟ್ಟಿದ್ದರು, ಕುಣಿತವನ್ನೂ ಮಾಡಿಟ್ಟಿದ್ದರು. ಪಂಚಾಂಗದಲ್ಲಿ ಬರೆದ ಕಷ್ಟಕ್ಕೆ ನಮ್ಮಲ್ಲಿ ಜಾಗವಿದೆ. ಹೇಳದೆ ಕೇಳದೆ ಬರುವ ಕಷ್ಟಕ್ಕೆ ಇಲ್ಲ.

"ಜನ ಸಿಗುವುದಿಲ್ಲ"

ನಿರುದ್ಯೋಗದ ಮಾತೆತ್ತಿದರೆ ನಮ್ಮ ಜಿಲ್ಲೆಗಳಲ್ಲಿ ಬರುವ ಸಿದ್ಧ ಉತ್ತರ: "ಕೆಲಸ ಎಲ್ಲಿಲ್ಲ ಮಾರಾಯರೇ? ತೆಂಗಿನಕಾಯಿ ಕೀಳಲು ಜನ ಸಿಗುವುದಿಲ್ಲ. ಅಡಕೆಗೆ ಮದ್ದು ಬಿಡಲು ಜನ ಸಿಗುವುದಿಲ್ಲ." ಮಾತು ಸುಳ್ಳಲ್ಲ. ನಮ್ಮ ಮನೆಯ ಕಾಯಿ ಕೀಳುವವರಿಗೆ ಮೂರು ಸಲ ಫೋನು ಮಾಡಿದರೆ ಒಮ್ಮೆ ಬರುತ್ತಾರೆ. ಆದರೆ ನಲವತ್ತೈದು ದಾಟಿದ, ಇಪ್ಪತ್ತು ವರ್ಷ ಮೇಜಿನ ಮುಂದೆ ನಕ್ಷೆ ಬರೆದ ಮನುಷ್ಯ ಅಡಕೆ ಮರ ಹತ್ತುತ್ತಿಲ್ಲ ಎನ್ನುವುದನ್ನು ಅವನ ಸೋಮಾರಿತನಕ್ಕೆ ಪುರಾವೆಯಾಗಿ ತೋರಿಸುವುದು ಯಾವ ನ್ಯಾಯ? ಈ ಮಾತು ಹೇಳುವವರು ತಮ್ಮ ಮಗನನ್ನು ಇಂಜಿನಿಯರಿಂಗ್ ಓದಿಸಿದ್ದು ಮರ ಹತ್ತಲು ಅಲ್ಲ. ಮೇಲಾಗಿ, ಮರ ಹತ್ತುವವನಿಗೆ ಇದೇ ಜನ ಹೆಣ್ಣು ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬಲ್ಲವರ ಧೈರ್ಯಕ್ಕೆ ನಮಸ್ಕಾರ.

ಲೆಕ್ಕದ ಪುಸ್ತಕಗಳೂ ಇಂಥವರಿಗೆ ಸಹಾಯ ಮಾಡುತ್ತವೆ. ಕೇಂದ್ರ ಸರಕಾರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ವಾರದ ಲೆಕ್ಕವೊಂದಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದರೂ ಅಲ್ಲಿ ಅವನು ಉದ್ಯೋಗಿ. ಮನೆಯವರ ಅಂಗಡಿಯಲ್ಲಿ ಸಂಬಳವಿಲ್ಲದೆ ಕುಳಿತವನೂ ಉದ್ಯೋಗಿ. ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಜೆ ಹೊತ್ತು ಮೊಳೆ ತೂಗಿ ಕೊಡುತ್ತಿದ್ದ ಭಾವ ಆ ಲೆಕ್ಕದಲ್ಲಿ ನಿರುದ್ಯೋಗಿಯೇ ಅಲ್ಲ. ಬೀಡಿ ಕಟ್ಟುವ ಹೆಂಗಸರ ಕಥೆ ಇನ್ನೂ ವಿಚಿತ್ರ. ಬೀಡಿ ಬ್ರಾಂಚಿನವರು ಎಲೆ, ತಂಬಾಕು ಕೊಡುವುದನ್ನು ಕಡಿಮೆ ಮಾಡುತ್ತ ಬಂದು, ದಿನಕ್ಕೆ ಸಾವಿರ ಕಟ್ಟುತ್ತಿದ್ದವಳು ಐನೂರಕ್ಕೆ, ವಾರಕ್ಕೆ ಮೂರು ದಿನಕ್ಕೆ ಇಳಿದಾಗ ಆಕೆಯ ಕೆಲಸ ಹೋಯಿತೆಂದು ಯಾರೂ ಮರುಗಲಿಲ್ಲ. ಅವಮಾನವನ್ನೂ ಮಾಡಲಿಲ್ಲ. ಆಕೆಗೆ ಒಂದು ಕೆಲಸವಿತ್ತು ಎಂದೇ ಊರು ಎಣಿಸಿರಲಿಲ್ಲವಲ್ಲ. ಆ ಬೀಡಿಯ ದುಡ್ಡಿನಲ್ಲಿ ಓದಿ ಬ್ಯಾಂಕು ಸೇರಿದ ಸಹೋದ್ಯೋಗಿಗಳು ನನಗೆ ಇದ್ದರು.

2024ರ ಜನವರಿಯಲ್ಲಿ ರಾಜ್ಯ ಸರಕಾರ 'ಯುವನಿಧಿ' ಆರಂಭಿಸಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಬೆಳಗಿನ ನಡಿಗೆಯ ಗೆಳೆಯರೊಬ್ಬರು, "ಕುಳಿತಲ್ಲಿಗೆ ಮೂರು ಸಾವಿರ ಬಂದರೆ ಯಾರು ಕೆಲಸಕ್ಕೆ ಹೋಗುತ್ತಾರೆ?" ಎಂದು ಸಿಡಿಮಿಡಿಗೊಂಡರು. ಅವರಿಗೆ ಸರಕಾರಿ ಪಿಂಚಣಿ ಬರುತ್ತದೆ, ತುಟ್ಟಿಭತ್ಯೆ ಸಹಿತ. ಪಿಂಚಣಿ ದುಡಿಮೆಯ ಫಲ, ನಿಜ. ಆದರೆ ಮೂರು ಸಾವಿರ ರೂಪಾಯಿ ಒಬ್ಬ ಪದವೀಧರನ ಮಹತ್ವಾಕಾಂಕ್ಷೆಯನ್ನು ಕೊಂದುಬಿಡುತ್ತದೆ ಎಂದು ನಂಬುವವರು ಈಚೆಗೆ ಮಂಗಳೂರಿನಲ್ಲಿ ಕೋಣೆ ಬಾಡಿಗೆ ವಿಚಾರಿಸಿದವರಲ್ಲ. ಈ ಗೊಣಗಾಟ ನಮ್ಮೊಬ್ಬರದೇ ಏನಲ್ಲ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆನ್‌ಟಾಲ್ ಎಂಬ ಸಣ್ಣ ಊರಿನಲ್ಲಿ ಜವಳಿ ಕಾರ್ಖಾನೆ ಮುಚ್ಚಿ ಊರಿಗೆ ಊರೇ ನಿರುದ್ಯೋಗಕ್ಕೆ ಬಿದ್ದಾಗ ಸಂಶೋಧಕರ ತಂಡವೊಂದು ಅಲ್ಲಿಗೆ ಹೋಗಿ ನೋಡಿತು. ಹಾಲು ಹಂಚಿಕೊಟ್ಟು ತನ್ನ ಮಕ್ಕಳಿಗೆ ಸ್ವಲ್ಪ ಹಾಲು ಪಡೆದ ಹೆಂಗಸಿನ ಭತ್ಯೆ ಕೂಡ ಅಲ್ಲಿ ರದ್ದಾಗಿತ್ತು, ಕೆಲಸ ಮಾಡಿ ಸಂಪಾದಿಸಿದಳೆಂಬ ಕಾರಣಕ್ಕೆ. ಒಬ್ಬರ ಮೇಲೊಬ್ಬರು ಹೆಸರಿಲ್ಲದ ದೂರು ಬರೆಯುವುದೂ ಆ ಊರಿನಲ್ಲಿ ಕಷ್ಟ ಹೆಚ್ಚಿದಂತೆ ಹೆಚ್ಚಿತ್ತು.

ಕಾರಣ ಕೇಳದ ರಿಯಾಯಿತಿ

ನನ್ನ ವೃತ್ತಿಜೀವನದಲ್ಲಿ ಒಮ್ಮೆ ಮಾತ್ರ ಈ ಮುಜುಗರವಿಲ್ಲದೆ ಜನ ನೆರವು ಪಡೆದದ್ದನ್ನು ಕಂಡಿದ್ದೇನೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತು, ನಂತರ ಅದನ್ನು ಆಗಸ್ಟ್ ಕೊನೆಯವರೆಗೆ ವಿಸ್ತರಿಸಿತು. ಅದೇ ಆಗಸ್ಟಿನಲ್ಲಿ ಇನ್ನೊಂದು ಆದೇಶ ಬಂತು: ನೂರು ರೂಪಾಯಿಯ ಚಿನ್ನಕ್ಕೆ 75 ರೂಪಾಯಿವರೆಗೆ ಸಾಲ ಕೊಡುತ್ತಿದ್ದ ಬ್ಯಾಂಕುಗಳು ಮುಂದಿನ ಮಾರ್ಚಿನವರೆಗೆ 90ರವರೆಗೆ ಕೊಡಬಹುದು. ದೇಶದ ಮನೆಗಳು ಯಾವುದರ ಮೇಲೆ ನಿಂತಿವೆ ಎಂದು ಮುಂಬಯಿಯಲ್ಲಿ ಕುಳಿತವರಿಗೂ ತಿಳಿದಿತ್ತು ಎಂದಾಯಿತು.

ಕಂತು ಮುಂದೂಡಲು ನಮ್ಮಲ್ಲಿಗೆ ಫೋನು ಮಾಡಿದವರು ಕೇಳುತ್ತಿದ್ದದ್ದು ಮುಖ್ಯವಾಗಿ ಎರಡು ಪ್ರಶ್ನೆ. ಬಡ್ಡಿ ಬೀಳುತ್ತದೆಯೇ? ಬೀಳುತ್ತದೆ. ಕಾರಣ ಬರೆದು ಕೊಡಬೇಕೇ? ಬೇಡ. ಎರಡನೆಯ ಉತ್ತರ ಕೇಳಿದ ಮೇಲೆ ಆ ಕಡೆಯ ಸ್ವರ ಬದಲಾಗುವುದು ಫೋನಿನಲ್ಲಿಯೂ ತಿಳಿಯುತ್ತಿತ್ತು. ಹಣದ ಕಷ್ಟವೆಂದು ಒಮ್ಮೆಯೂ ಬಾಯಿ ಬಿಡದ, ಅಡವಿಗೆ ಬೇರೆ ಊರಿನ ಶಾಖೆ ಹುಡುಕುವಂಥ ಮನೆತನದವರೂ ಆಗ ಕಂತು ಮುಂದೂಡಿದರು. ಸಂಬಳ ಸರಿಯಾಗಿ ಬರುತ್ತಿದ್ದ ಕೆಲವರೂ ಮುಂದೂಡಿದರು. ನಮ್ಮ ವ್ಯವಸ್ಥಾಪಕರಿಗೆ ಇದು ಸಹಿಸಲಾಗದ ಸಂಗತಿ. "ಅಗತ್ಯವಿಲ್ಲದವರೂ ತೆಗೆದುಕೊಂಡರು ನೋಡಿ" ಎಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದಿನಾ ಹೇಳುತ್ತಿದ್ದರು. ಅವರು ತೆಗೆದುಕೊಂಡದ್ದರಿಂದಲೇ ಅಗತ್ಯವಿದ್ದವರು ತೆಗೆದುಕೊಳ್ಳಲು ಸಾಧ್ಯವಾಯಿತು ಎಂದು ನಾನು ಹೇಳಿದರೆ, ಅದು ಬ್ಯಾಂಕಿನವನು ಆಡುವ ಮಾತಲ್ಲ ಎನ್ನುತ್ತಿದ್ದರು. ಎಲ್ಲರಿಗೂ ಇದ್ದ ಸೌಲಭ್ಯವಾದ್ದರಿಂದ ಅದನ್ನು ಪಡೆದವನ ಬಗ್ಗೆ ಊರಿಗೆ ಹೇಳಲು ಕಥೆಯೇ ಉಳಿದಿರಲಿಲ್ಲ. ಇದರ ಬೆಲೆ ಬಡ್ಡಿಯ ಲೆಕ್ಕದಲ್ಲಿ ಕಾಣುವುದಿಲ್ಲ.

ನಿವೃತ್ತಿಯ ನಂತರ ಒಬ್ಬ ಸಾಮಾನ್ಯ ಸದಸ್ಯನಾಗಿ ಬ್ಯಾಂಕಿನ ಮಹಾಸಭೆಗೆ ಹೋದಾಗ ಇದನ್ನೇ ಒಂದು ಸೂಚನೆಯಾಗಿ ಬರೆದುಕೊಟ್ಟೆ. ಮನೆಸಾಲದ ಅವಧಿಯಲ್ಲಿ ಒಂದು ಸಲ, ಯಾವ ಸದಸ್ಯನೇ ಆಗಲಿ, ಕಾರಣ ಹೇಳದೆ ಆರು ಕಂತು ಮುಂದೂಡುವ ಅವಕಾಶವಿರಲಿ. ಬಡ್ಡಿ ಬೇಕಾದರೆ ಬೀಳಲಿ. ನಿರ್ದೇಶಕರೊಬ್ಬರು ಎದ್ದು, "ಹಾಗೆ ಮಾಡಿದರೆ ಎಲ್ಲರೂ ತೆಗೆದುಕೊಳ್ಳುತ್ತಾರಲ್ಲ?" ಎಂದರು. ತೆಗೆದುಕೊಳ್ಳಲಿ, ಸಾಲ ಇಪ್ಪತ್ತು ವರ್ಷದ್ದಲ್ಲವೇ ಎಂದೆ. ಹಿಂದಿನ ಸಾಲಿನಿಂದ ಯಾರೋ ನಕ್ಕರು. ಕೆಲಸ ಹೋದವರು ಇದ್ದರೆ ಆಡಳಿತ ಮಂಡಳಿಗೆ ದಾಖಲೆ ಸಹಿತ ಅರ್ಜಿ ಕೊಡಲಿ, ಸಹಾನುಭೂತಿಯಿಂದ ಪರಿಶೀಲಿಸುತ್ತೇವೆ ಎಂದು ಅಧ್ಯಕ್ಷರು ಮಾತು ಮುಗಿಸಿದರು. ಅಂಥ ಅರ್ಜಿ ಈ ತನಕ ಎಷ್ಟು ಬಂದಿವೆ ಎಂದು ಕೇಳಿದೆ. ಕಾರ್ಯದರ್ಶಿಗಳು ಕಡತ ತಿರುವಿ, ಒಂದೂ ಇಲ್ಲ ಎಂದರು. "ನೋಡಿ, ನಮ್ಮ ಸದಸ್ಯರಲ್ಲಿ ಅಂಥವರು ಯಾರೂ ಇಲ್ಲ" ಎಂದು ನಿರ್ದೇಶಕರು ಕುಳಿತುಕೊಂಡರು. ಮುಂದಿನ ವಿಷಯ ಲಾಭಾಂಶದ್ದಾಗಿತ್ತು, ಅದರ ಚರ್ಚೆ ಊಟದ ಹೊತ್ತು ಮೀರುವವರೆಗೆ ನಡೆಯಿತು.